ಸುಮ್ಮನಿರುವ ರಕ್ತ

ರಾತ್ರಿ ಒಂಬತ್ತರ ಮೇಲೆ ಬಾಗಿಲು ತಟ್ಟಿ "ಒಂದು ಹನಿ ರಕ್ತ ಕೊಡ್ತೀರಾ" ಅಂತ ಕೇಳಿದರೆ ಯಾರಿಗೂ ಖುಷಿ ಆಗುವುದಿಲ್ಲ. ಊಟಕ್ಕೆ ಕೂತಿರುತ್ತಾರೆ, ಮಕ್ಕಳು ಮಲಗಿರುತ್ತವೆ, ಟಿವಿಯಲ್ಲಿ ಧಾರಾವಾಹಿ ಮುಗಿಯಲಿಕ್ಕೆ ಬಂದಿರುತ್ತದೆ. ಆದರೆ ಆನೆಕಾಲು ರೋಗದ ಸರ್ವೆಗೆ ಹೊತ್ತು ಅಂದರೆ ಅದೇ. ಹಗಲು ಹೋದರೆ ಉಪಯೋಗವೇ ಇಲ್ಲ. ಈ ರೋಗ ತರುವ ಹುಳುವಿನ ಮರಿಗಳು ಹಗಲೆಲ್ಲ ಶ್ವಾಸಕೋಶದ ರಕ್ತನಾಳಗಳಲ್ಲಿ ಇರುತ್ತವೆ, ರಾತ್ರಿ ಆಗುತ್ತಿದ್ದ ಹಾಗೆ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ಯಾಕೆಂದರೆ ಅವನ್ನು ಇನ್ನೊಬ್ಬರ ಮೈಗೆ ಸಾಗಿಸುವ ಕ್ಯೂಲೆಕ್ಸ್ ಸೊಳ್ಳೆ, ಅದೇ ನಮ್ಮ ಚರಂಡಿ ನೀರಿನ ಸೊಳ್ಳೆ, ರಾತ್ರಿ ಕಚ್ಚುತ್ತದೆ.

ನಾನು ಲ್ಯಾಬ್ ಟೆಕ್ನಿಷಿಯನ್. ಕರಾವಳಿಯ ಒಂದು ಸಣ್ಣ ಊರಿನಲ್ಲಿ 14 ವರ್ಷದಿಂದ ಹಿಮೋಗ್ಲೋಬಿನ್, ಶುಗರ್, ಕಫ, ಮಲೇರಿಯಾ ಅಂತ ನೋಡುತ್ತಾ ಬಂದಿದ್ದೇನೆ. ಸರ್ವೆ ಇದ್ದಾಗ ಮಾತ್ರ ಈ ರಾತ್ರಿ ತಿರುಗಾಟ. ಜೊತೆಗೆ ಒಬ್ಬರು ಆರೋಗ್ಯ ಸಹಾಯಕರು, ಒಬ್ಬರು ಆಶಾ. ಟಾರ್ಚು, ಲ್ಯಾನ್ಸೆಟ್ಟು, ಸ್ಪಿರಿಟ್ ಹತ್ತಿ, ಸ್ಲೈಡಿನ ಪೆಟ್ಟಿಗೆ. ಎಷ್ಟೋ ದಿನದಿಂದ ಇದರ ಬಗ್ಗೆ ಬರೀಬೇಕು ಅಂದುಕೊಂಡಿದ್ದೆ. ಹುಳುವಿನ ಬಗ್ಗೆ ಅನ್ನುವುದಕ್ಕಿಂತ, ಹುಳು ಇದ್ದರೂ ಸುಮ್ಮನೆ ಇರುವ ನಮ್ಮ ರಕ್ತದ ಬಗ್ಗೆ.

ಆ ರಾತ್ರಿ ಹೋಗಿದ್ದು ಕಟ್ಟಡ ಕೆಲಸದವರ ಶೆಡ್ಡಿಗೆ. ತಗಡಿನ ಮಾಡು, ಒಂದೇ ಬಲ್ಬು, ಹಿಂದುಗಡೆ ನಿಂತ ನೀರು. ಯಾದಗಿರಿ ಕಡೆಯ ಹುಡುಗರು ರೊಟ್ಟಿ ಬಡಿಯುತ್ತಿದ್ದರು. ಅದರಲ್ಲಿ ಒಬ್ಬ, 23-24 ವಯಸ್ಸು ಇರಬಹುದು, ಕೈ ಮುಂದೆ ಮಾಡಿದ. ಜೊತೆಯ ಇಬ್ಬರು ಮಾತ್ರ ಬೇಡವೇ ಬೇಡ ಅಂತ ಆಚೆ ಹೋಗಿ ಕೂತರು. ಇವನು ಬೆರಳು ಕೊಡುತ್ತಲೇ ನಕ್ಕ. "ನಂಗೇನ್ ಆಗ್ಯಾದ್ರಿ ಅಕ್ಕಾರ? ನಾ ಆರಾಮ ಅದೀನ್ರಿ. ದಿನಾ ಸಿಮೆಂಟ್ ಚೀಲ ಹೊರತೀನಿ."

ನಿಜವೇ. ಜ್ವರ ಇಲ್ಲ, ಬಾವು ಇಲ್ಲ, ಸುಸ್ತಿಲ್ಲ. ಉಂಗುರದ ಬೆರಳಿಗೆ ಚುಚ್ಚಿ, 20 ಮೈಕ್ರೋಲೀಟರ್ ರಕ್ತ ಸ್ಲೈಡಿನ ಮೇಲೆ ದಪ್ಪಗೆ ಹಚ್ಚಿ, ನಂಬರ್ ಬರೆದು ಪೆಟ್ಟಿಗೆಗೆ ಹಾಕಿದೆ.

ಮಾರನೇ ದಿನ ಒಣಗಿದ ಸ್ಲೈಡನ್ನು ನೀರಲ್ಲಿ ಅದ್ದಿದೆ. ಹೀಗೆ ಅದ್ದಿದರೆ ಕೆಂಪು ಬಣ್ಣ ಹೊಗೆಯ ಹಾಗೆ ಬಿಟ್ಟುಹೋಗುತ್ತದೆ, ಕೆಂಪು ರಕ್ತಕಣ ಕರಗುತ್ತವೆ, ಬಿಳಿ ರಕ್ತಕಣಗಳ ನಡುಬೀಜ ಮತ್ತು ಹುಳು ಇದ್ದರೆ ಹುಳು, ಇಷ್ಟೇ ಉಳಿಯುತ್ತವೆ. ಬಣ್ಣ ಹಾಕಿ ಮೈಕ್ರೋಸ್ಕೋಪಿನಡಿ ಇಟ್ಟರೆ, ಮೊದಲ ನೋಟಕ್ಕೇ ಒಂದು. ಸ್ವಲ್ಪ ಸರಿಸಿದರೆ ಎರಡು. ನೀವು ನೋಡಿಲ್ಲದಿದ್ದರೆ ಹೇಳುತ್ತೇನೆ, ವುಚೆರೇರಿಯಾ ಬ್ಯಾಂಕ್ರಾಫ್ಟಿ, ಅಂದರೆ ಈ ಆನೆಕಾಲು ಹುಳುವಿನ ಮರಿ, ನೋಡಲು ಚಂದ ಇರುತ್ತದೆ. ಮೈ ತುಂಬಾ ನೇರಳೆ ಚುಕ್ಕೆ ಪೋಣಿಸಿದ ನೂಲು, ನಿಧಾನಕ್ಕೆ ಬಳುಕಿದ ಹಾಗೆ ಬಿದ್ದಿರುತ್ತದೆ. ಬಾಲದ ತುದಿಯಲ್ಲಿ ಮಾತ್ರ ಚುಕ್ಕೆ ಇರುವುದಿಲ್ಲ, ಅದನ್ನು ನೋಡಿಯೇ ಇದು ಬ್ಯಾಂಕ್ರಾಫ್ಟಿ ಅಂತ ಗುರುತು ಹಿಡಿಯುವುದು. ಸುತ್ತ ತೆಳ್ಳಗೆ ಒಂದು ಪೊರೆ, ಎರಡೂ ಕಡೆ ಸ್ವಲ್ಪ ಉದ್ದ ಬಿಟ್ಟ ದಿಂಬಿನ ಕವರಿನ ಹಾಗೆ. ಉದ್ದ ಒಂದು ಮಿಲಿಮೀಟರಿನ ಕಾಲು ಭಾಗ.

ಎಣಿಸಿದೆ. 37.

ಒಂದು ಹನಿಯಲ್ಲಿ 37 ಅಂದರೆ ಒಂದು ಮಿಲಿಲೀಟರಿಗೆ 1,850. ಮೈಯಲ್ಲಿ 5 ಲೀಟರ್ ರಕ್ತ ಅಂತ ಲೆಕ್ಕ ಹಿಡಿದರೆ 90 ಲಕ್ಷದ ಮೇಲೆ. ಅಷ್ಟು ಮರಿಹುಳು ರಕ್ತದಲ್ಲಿ ಓಡಾಡುತ್ತಿದ್ದರೂ ಅವನು ಸಿಮೆಂಟ್ ಚೀಲ ಹೊರುತ್ತಾನೆ, ರೊಟ್ಟಿ ಬಡಿಯುತ್ತಾನೆ, ನಗುತ್ತಾನೆ. ಮರಿಗಳ ಪಕ್ಕದಲ್ಲೇ ಬಿಳಿ ರಕ್ತಕಣಗಳು ಇದ್ದವು, ತಮ್ಮ ಪಾಡಿಗೆ. ಒಣಗಿದ ಸ್ಲೈಡ್ ನೋಡಿ ಅವು ಏನು ಮಾಡುತ್ತಿದ್ದವು ಅಂತ ಹೇಳಲು ಬರುವುದಿಲ್ಲ, ಅದು ನನಗೆ ಗೊತ್ತು. ಆದರೂ ಆ ನೋಟ ಮನಸ್ಸಲ್ಲಿ ಕೂತುಬಿಟ್ಟಿತು. ಒಂದು ಸಣ್ಣ ಮುಳ್ಳು ಚುಚ್ಚಿದರೆ ಎರಡು ಗಂಟೆಯಲ್ಲಿ ಕೆಂಪಗಾಗಿ ಊದಿಕೊಳ್ಳುವ ಮೈ ಇದೇ ಅಲ್ವಾ?

ಇದಕ್ಕೆ ಪೂರ್ತಿ ಉಲ್ಟಾ ನಮ್ಮ ಮನೆಯಲ್ಲೇ ಇದೆ. ನಮ್ಮ ದೊಡ್ಡಜ್ಜಿ, ಅಜ್ಜಿಯ ಅಕ್ಕ. ಅವರ ಎಡಗಾಲು ಮೊಣಕಾಲಿನಿಂದ ಕೆಳಗೆ ಕಂಬದ ಹಾಗೆ. ನಾನು ಹುಟ್ಟುವ ಮೊದಲೇ ಹಾಗಿತ್ತಂತೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕುತೂಹಲಕ್ಕೆ ಅಂತಲೇ, ಒಂದು ರಾತ್ರಿ ಅವರ ರಕ್ತವನ್ನೂ ತೆಗೆದು ನೋಡಿದ್ದೆ. ಒಂದೂ ಮರಿ ಇಲ್ಲ. ಇನ್ನೊಂದು ರಾತ್ರಿ ನೋಡಿದೆ. ಇಲ್ಲ. ಆಗ ನನ್ನದೇ ತಪ್ಪು, ಬಣ್ಣ ಸರಿ ಹಿಡಿದಿಲ್ಲ ಅಂದುಕೊಂಡೆ. ತಪ್ಪೇನಿರಲಿಲ್ಲ. ಆಮೇಲೆ ಓದಿದಾಗ ಗೊತ್ತಾಯಿತು, ಆನೆಕಾಲು ಆದವರಲ್ಲಿ ಹೆಚ್ಚಿನವರ ರಕ್ತದಲ್ಲಿ ಮರಿ ಸಿಗುವುದಿಲ್ಲ. ಮರಿ ತುಂಬಿ ತುಳುಕುವವರಲ್ಲಿ ಹೆಚ್ಚಿನವರಿಗೆ ಹೊರಗೆ ಕಾಣುವ ರೋಗ ಇರುವುದಿಲ್ಲ.

ಈ ಒಗಟು ಬಿಡಿಸಲಿಕ್ಕೆ ಹುಳುವಿನ ಜೊತೆ ಮೈ ಹೇಗೆ ಹೊಡೆದಾಡುತ್ತದೆ ಅಂತ ಸ್ವಲ್ಪ ತಿಳಿಯಬೇಕು.

ಬ್ಯಾಕ್ಟೀರಿಯಾ ಬಂದರೆ ಬಿಳಿ ರಕ್ತಕಣ ಅದನ್ನು ನುಂಗಿಬಿಡುತ್ತದೆ. ಹುಳುವನ್ನು ನುಂಗುವುದು ಹೇಗೆ? ವುಚೆರೇರಿಯಾದ ಬೆಳೆದ ಹೆಣ್ಣುಹುಳು 8ರಿಂದ 10 ಸೆಂಟಿಮೀಟರ್ ಉದ್ದ, ಹೊಲಿಗೆ ದಾರದ ಹಾಗೆ. ಅದಕ್ಕೆ ಮೈ ಬೇರೆಯೇ ಒಂದು ದಾರಿ ಇಟ್ಟುಕೊಂಡಿದೆ. ಬಿಳಿ ರಕ್ತಕಣಗಳದೇ ಒಂದು ಜಾತಿಯಾದ ಟಿ ಕಣಗಳಲ್ಲಿ ಎರಡನೇ ಬಗೆಯ ಸಹಾಯಕ ಕಣ ಅಂತ ಒಂದು ಗುಂಪು ಇದೆ, ಡಾಕ್ಟರುಗಳು ಟಿಎಚ್-2 ಅನ್ನುತ್ತಾರೆ. ಅವು ಐಎಲ್-4, ಐಎಲ್-5, ಐಎಲ್-13 ಅನ್ನುವ ಸಂದೇಶಗಳನ್ನು ಬಿಡುತ್ತವೆ. ಅದನ್ನು ಕೇಳಿ ಐಜಿಇ ಅನ್ನುವ ಪ್ರತಿಕಾಯ ಹುಟ್ಟುತ್ತದೆ, ಈಸ್ನೋಫಿಲ್ ಕಣಗಳು ಹೆಚ್ಚುತ್ತವೆ. ಈಸ್ನೋಫಿಲ್ ನಿಮಗೆ ಗೊತ್ತಿರುತ್ತದೆ, ನಮ್ಮ ಕಡೆ "ಇಸ್ನೋಫಿಲಿಯಾ ಉಂಟು" ಅನ್ನದ ಮನೆಯೇ ಇಲ್ಲ. 1879ರಲ್ಲಿ ಜರ್ಮನಿಯ ಪಾಲ್ ಎರ್ಲಿಖ್ ಈಯೋಸಿನ್ ಅನ್ನುವ ಬಣ್ಣ ಹಾಕಿ ನೋಡಿದಾಗ ಗುಲಾಬಿ-ಕೆಂಪು ಕಾಳು ತುಂಬಿಕೊಂಡು ಹೊಳೆದ ಕಣ ಅದು. ನಾನು ದಿನಾ ಎಣಿಸುವ ಕಣಗಳಲ್ಲಿ ನನಗೆ ಇದೇ ಇಷ್ಟ, ಸಾವಿರದ ನಡುವೆಯೂ ತಟ್ಟನೆ ಕಣ್ಣಿಗೆ ಬೀಳುತ್ತದೆ. ಆ ಕಾಳುಗಳಲ್ಲಿ ಇರುವುದು ವಿಷ. ಹುಳುವಿನ ಮೈಗೆ ಅಂಟಿಕೊಂಡು ಅದನ್ನು ಸುರಿಯುತ್ತವೆ. ನುಂಗಲಾಗದ್ದನ್ನು ಸುಡುವ ಕ್ರಮ ಅನ್ನಿ.

ಆದರೆ ಹೀಗೆ ಸುರಿದ ವಿಷ ನಮ್ಮ ಮೈಗೂ ತಾಗುತ್ತದೆ. ಅದಕ್ಕೇ ಮೈಯಲ್ಲಿ ಬ್ರೇಕ್ ಕೂಡ ಇದೆ. ಟಿ-ರೆಗ್ ಅಂತ ಕರೆಯುವ ಇನ್ನೊಂದು ಜಾತಿಯ ಟಿ ಕಣ. ಅದರ ಕೆಲಸ "ಸಾಕು, ನಿಲ್ಲಿಸಿ" ಅನ್ನುವುದು. ಐಎಲ್-10 ಮತ್ತು ಟಿಜಿಎಫ್-ಬೀಟಾ ಅದರ ಮಾತು. ಈ ಬ್ರೇಕ್ ಇಲ್ಲದಿದ್ದರೆ ನಮ್ಮ ಕಾವಲು ನಮ್ಮ ಮನೆಯನ್ನೇ ಸುಟ್ಟುಬಿಡುತ್ತದೆ.

ಹುಳು ಕೈ ಹಾಕುವುದು ಈ ಬ್ರೇಕಿಗೇ.

ಬಚ್ಚಿಟ್ಟುಕೊಂಡು ಬದುಕುವ ರೋಗಾಣುಗಳು ಬಹಳ ಇವೆ. ಇದು ಹಾಗಲ್ಲ. ದುಗ್ಧರಸ ನಾಳದಲ್ಲಿ, ಅಂದರೆ ಬಿಳಿ ರಕ್ತಕಣಗಳು ಓಡಾಡುವ ದಾರಿಯಲ್ಲೇ ಮನೆ ಮಾಡಿಕೊಂಡು, ಐದಾರು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ, ಸಂಸಾರ ಮಾಡುತ್ತದೆ. ಪೊಲೀಸ್ ಠಾಣೆಯ ಜಗಲಿಯಲ್ಲೇ ಮಲಗಿದ ಹಾಗೆ. ಮರಿಗಳನ್ನು ಲಕ್ಷಗಟ್ಟಲೆ ರಕ್ತಕ್ಕೆ ಬಿಡುತ್ತದೆ. ದಿನಾ ಬಂದು ರೊಟ್ಟಿ ಹಾಕುವ ಕಳ್ಳನಿಗೆ ನಾಯಿ ಬೊಗಳುವುದನ್ನೇ ಬಿಡುತ್ತದಲ್ಲ, ಸುಮಾರಾಗಿ ಹಾಗೆ. ಏನು ರೊಟ್ಟಿ ಅಂತ ಈಗ ಸ್ವಲ್ಪ ಸ್ವಲ್ಪ ಗೊತ್ತಾಗುತ್ತಿದೆ. ಬ್ರೂಜಿಯಾ ಅಂತ ವುಚೆರೇರಿಯಾದ ಹತ್ತಿರದ ನೆಂಟ ಇದೆ, ಕೇರಳದ ಚೇರ್ತಲ ಕಡೆ ಆನೆಕಾಲು ತಂದ ಹುಳು. ಅದನ್ನು ಲ್ಯಾಬಿನಲ್ಲಿ ಸಾಕಬಹುದು, ಹಾಗಾಗಿ ಹೆಚ್ಚಿನ ಕೆಲಸ ಅದರ ಮೇಲೆ ನಡೆದಿದೆ. ಸುದ್ದಿ ಒಯ್ಯುವ ಡೆಂಡ್ರಿಟಿಕ್ ಕಣ ಇರುತ್ತದಲ್ಲ, ಅದು ಶತ್ರುವಿನ ಚೂರು ಕತ್ತರಿಸಿ ಟಿ ಕಣಕ್ಕೆ ತೋರಿಸಬೇಕು. ಈ ಹುಳು ಬಿಡುವ ಒಂದು ಪ್ರೋಟೀನು ಆ ಕತ್ತರಿಯನ್ನೇ ಹಿಡಿದು ನಿಲ್ಲಿಸುತ್ತದೆ. ಚೂರು ಆಗದಿದ್ದರೆ ತೋರಿಸುವುದೇನು? ಇದರ ಮರಿಗಳ ಜೊತೆ ಡೆಂಡ್ರಿಟಿಕ್ ಕಣಗಳನ್ನು ಬೆಳೆಸಿದರೆ ಅವು "ಹೊಡೆದಾಟಕ್ಕೆ ಬನ್ನಿ" ಅನ್ನುವ ಐಎಲ್-12 ಸಂದೇಶವನ್ನು ಕಡಿಮೆ ಮಾಡಿಬಿಡುತ್ತವೆ. ನಮ್ಮ ಟಿಜಿಎಫ್-ಬೀಟಾವನ್ನೇ ಹೋಲುವ ಒಂದು ಪ್ರೋಟೀನನ್ನೂ ಈ ಹುಳು ತಾನೇ ತಯಾರಿಸುತ್ತದೆ. ಇಲಿಗಳ ಕರುಳಲ್ಲಿರುವ ಇನ್ನೊಂದು ಹುಳುವಿನಲ್ಲಿ ಇದು ಇನ್ನೂ ಆಶ್ಚರ್ಯ. ಬ್ರಿಟನ್ನಿನ ರಿಕ್ ಮೈಜೆಲ್ಸ್ ತಂಡ 2017ರಲ್ಲಿ ತೋರಿಸಿದ್ದು, ಆ ಹುಳು ಮಾಡುವ ಪ್ರೋಟೀನಿಗೂ ನಮ್ಮ ಟಿಜಿಎಫ್-ಬೀಟಾಕ್ಕೂ ಆಕಾರದಲ್ಲಿ ನೆಂಟಸ್ತಿಕೆಯೇ ಇಲ್ಲ, ಆದರೂ ಅದೇ ಬಾಗಿಲಿಗೆ ಸರಿಯಾಗಿ ಕೂತು ಟಿ-ರೆಗ್ ಕಣಗಳನ್ನು ಹುಟ್ಟಿಸುತ್ತದೆ. ಕೀಲಿಕೈ ಬೇರೆ, ಬೀಗ ತೆರೆಯುವುದು ಅದೇ.

ಇನ್ನೂ ಒಂದಿದೆ. ಯಾದಗಿರಿ ಹುಡುಗನಂಥವರ ರಕ್ತದಲ್ಲಿ ಐಜಿಜಿ4 ಅನ್ನುವ ಪ್ರತಿಕಾಯ ತುಂಬಾ ಜಾಸ್ತಿ ಇರುತ್ತದೆ. ಐಜಿಇ ಹಿಡಿಯಬೇಕಾದ ಜಾಗವನ್ನೇ ಇದು ಹಿಡಿದುಕೊಳ್ಳುತ್ತದೆ, ಆದರೆ ಯಾರನ್ನೂ ಕೂಗುವುದಿಲ್ಲ. ಸೀಟಿನ ಮೇಲೆ ಟವೆಲ್ ಹಾಕಿ ಜಾಗ ಹಿಡಿದ ಹಾಗೆ. ಆನೆಕಾಲು ಆದವರಲ್ಲಿ ಈ ಐಜಿಜಿ4 ಕಡಿಮೆ, ಐಜಿಇ ಜಾಸ್ತಿ. ಚೆನ್ನೈಯಲ್ಲಿ ಸುಭಾಷ್ ಬಾಬು, ಅಮೆರಿಕದ ಥಾಮಸ್ ನಟ್‌ಮನ್ ಇವರೆಲ್ಲ ವರ್ಷಗಟ್ಟಲೆ ಇದನ್ನೇ ನೋಡಿದ್ದಾರೆ. 2009ರಲ್ಲಿ ಅವರು ಬರೆದ ಒಂದು ಲೇಖನ ನನ್ನ ಕಣ್ಣು ತೆರೆಸಿತು. ಕಾಲು ಊದಿದವರ ರಕ್ತಕಣಗಳಿಗೆ ಹುಳುವಿನ ಅಂಶ ತೋರಿಸಿದರೆ ಉರಿಯೂತ ತರುವ ಟಿ ಕಣಗಳು, ಟಿಎಚ್-1 ಮತ್ತು ಟಿಎಚ್-17, ಜೋರಾಗಿ ಎದ್ದು ನಿಲ್ಲುತ್ತವೆ, ಟಿ-ರೆಗ್ ಮಾತ್ರ ಏಳುವುದಿಲ್ಲ. ಮರಿ ಹೊತ್ತವರಲ್ಲಿ ಲೆಕ್ಕ ಉಲ್ಟಾ. ಅವರ ಕಣಗಳು ಬೇರೆ ಹೆಚ್ಚಿನದಕ್ಕೆ ಏಳುತ್ತವೆ, ಈ ಹುಳುವಿಗೆ ಮಾತ್ರ ಏಳುವುದಿಲ್ಲ. ಐಎಲ್-10 ಅನ್ನು ತಡೆದು ನೋಡಿದರೆ ಅವೂ ಸ್ವಲ್ಪ ಎದ್ದು ಕೂರುತ್ತವೆ. ಅಂದರೆ ಶಕ್ತಿ ಹೋಗಿಲ್ಲ, ಸುಮ್ಮನಿರಿಸಲಾಗಿದೆ.

ಹೀಗೆ ನೋಡಿದರೆ ನಮ್ಮ ದೊಡ್ಡಜ್ಜಿಯ ಕಾಲು ಒಂದು ಹಳೇ ಜಗಳದ ಜಾಗ. ಹುಡುಗನ ರಕ್ತ ಒಪ್ಪಂದ ಮಾಡಿಕೊಂಡ ಜಾಗ. ಹುಳು ಒಂದೇ.

ಇದನ್ನೇ ಪೂರ್ತಿ ನಿಜ ಅಂತ ಹಿಡಿಯಬೇಡಿ. ಕಾಲು ದಪ್ಪ ಆಗುವುದರಲ್ಲಿ ಬ್ಯಾಕ್ಟೀರಿಯಾದ ಪಾಲು ದೊಡ್ಡದು. ಹುಳು ಇದ್ದ ಕಡೆ ದುಗ್ಧರಸ ನಾಳ ಹಿಗ್ಗಿ ಸಡಿಲವಾಗಿರುತ್ತದೆ, ಹೊರಗೆ ಏನೂ ಕಾಣದವರಲ್ಲೂ. ನೀರು ಸರಿಯಾಗಿ ಮೇಲೆ ಹೋಗುವುದಿಲ್ಲ. ಬೆರಳ ಸಂದಿಯ ಸಣ್ಣ ಬಿರುಕಿನಿಂದ ಬ್ಯಾಕ್ಟೀರಿಯಾ ಒಳಗೆ ಹೋಗಿ, ಚಳಿಜ್ವರ ಬಂದು, ಕಾಲು ಕೆಂಪಾಗಿ ಬಾತು, ಇಳಿಯುವಾಗ ಪೂರ್ತಿ ಇಳಿಯದೆ ಸ್ವಲ್ಪ ಉಳಿದು, ಹೀಗೆ ವರ್ಷಕ್ಕೆ ಮೂರು ನಾಲ್ಕು ಸಲ ಆಗಿ ಆಗಿ ಕಾಲು ಕಂಬ ಆಗುತ್ತದೆ. ಹಾಗಾಗಿಯೇ ಆನೆಕಾಲಿಗೆ ದೊಡ್ಡ ಔಷಧಿ ಸಾಬೂನು, ನೀರು ಮತ್ತು ಒಣ ಬಟ್ಟೆ. ನಮ್ಮ ಪಕ್ಕದ ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯವರು ತೊಳೆಯುವುದು, ಒಣಗಿಸುವುದು, ಯೋಗ, ಬ್ಯಾಂಡೇಜು ಇವನ್ನೆಲ್ಲ ಸೇರಿಸಿ ಕಾಲು ಇಳಿಸುವ ಕ್ರಮ ಕಲಿಸುತ್ತಾರೆ.

ದೊಡ್ಡಜ್ಜಿಯ ಕಾಲನ್ನು ಭಾನುವಾರ ನಾನೇ ತೊಳೆಯುವುದು. ಉಗುರುಬೆಚ್ಚಗಿನ ನೀರು, ಬೆರಳ ಸಂದಿಗೆ ಮೆತ್ತನೆಯ ಹಳೇ ಸೀರೆಯ ತುಂಡು. ಒಂದೊಂದು ಸಂದಿಯನ್ನೂ ಬಿಡಿಸಿ ಒರೆಸಬೇಕು, ಅಲ್ಲಿ ಚರ್ಮ ಬೆಳ್ಳಗೆ ಮೆತ್ತಗಾಗಿದ್ದರೆ ಅದೇ ಮುಂದಿನ ಜ್ವರದ ಬಾಗಿಲು. ಒಮ್ಮೆ ಕೇಳಿದರು, "ಹುಳ ಸತ್ತಿದೆ ಅಂತಿ. ಮತ್ತೆ ಕಾಲು ಯಾಕೆ ಮಗಾ ಇಳಿಯುದಿಲ್ಲ?" ಹುಳ ಸತ್ತು ಎಷ್ಟೋ ವರ್ಷ ಆಯ್ತು ಅಜ್ಜಿ, ದಾರಿ ಕೆಟ್ಟುಹೋಗಿದೆ ಅಂದೆ. ಅವರು ತುಂಬಾ ಹೊತ್ತು ಕಾಲನ್ನೇ ನೋಡಿದರು. ನನಗೆ ಅದಕ್ಕಿಂತ ಒಳ್ಳೆಯ ಉತ್ತರ ಗೊತ್ತಿರಲಿಲ್ಲ.

ಈ ಒಪ್ಪಂದ ವಂಶದಿಂದ ಬಂದದ್ದಲ್ಲ, ಹುಳುವಿನ ಜೊತೆ ಬದುಕಿ ಬದುಕಿ ಆಗುವಂಥದ್ದು ಅನ್ನುವುದಕ್ಕೆ ಎರಡನೇ ಮಹಾಯುದ್ಧದ ಒಂದು ಸಂಗತಿ ಇದೆ. ಪೆಸಿಫಿಕ್ ದ್ವೀಪಗಳಿಗೆ ಹೋದ ಅಮೆರಿಕದ ಸೈನಿಕರಲ್ಲಿ ಸಾವಿರಾರು ಜನರಿಗೆ ಕೆಲವೇ ತಿಂಗಳಲ್ಲಿ ಕೈಕಾಲು, ವೃಷಣ ಎಲ್ಲ ಬಾತು ನೋವು ಶುರುವಾಯಿತು. ರಕ್ತ ನೋಡಿದರೆ ಮರಿ ಸಿಕ್ಕಿದ್ದು ತೀರಾ ಅಪರೂಪಕ್ಕೆ. ಅದೇ ದ್ವೀಪದ ಜನರ ರಕ್ತದಲ್ಲಿ ಮರಿ ಇತ್ತು, ಬಾವು ಬಹಳ ಜನರಿಗೆ ಇರಲಿಲ್ಲ. ಸೈನಿಕರ ಕಣಗಳಿಗೆ ಹುಳು ಹೊಸದು, ಸುಮ್ಮನಿರಲು ಯಾರೂ ಕಲಿಸಿರಲಿಲ್ಲ. ದ್ವೀಪದವರು ತಾಯಿ ಹೊಟ್ಟೆಯಲ್ಲಿದ್ದಾಗಲೇ ಹುಳುವಿನ ಅಂಶಗಳ ಪರಿಚಯ ಆದವರು. ಸೋಂಕು ಇರುವ ತಾಯಿಗೆ ಹುಟ್ಟಿದ ಮಕ್ಕಳ ಕಣಗಳು ಹುಳುವಿಗೆ ಅಷ್ಟಾಗಿ ಏಳುವುದಿಲ್ಲ ಅಂತ ಆಮೇಲಿನ ಅಧ್ಯಯನಗಳೂ ಹೇಳಿವೆ.

ಮೂರನೆಯ ಮುಖವೂ ಒಂದಿದೆ. ರಾತ್ರಿ ಎರಡು ಗಂಟೆಗೆ ಎದ್ದು ಕೂತು ಕೆಮ್ಮುವವರು. ದಮ್ಮಿನ ಹಾಗೆ ಸೀಟಿ ಶಬ್ದ, ತೂಕ ಇಳಿಕೆ. ಟಿಬಿ ಅಂತಲೋ ಅಸ್ತಮಾ ಅಂತಲೋ ಓಡಾಡುತ್ತಾರೆ. ರಕ್ತ ನೋಡಿದರೆ ಈಸ್ನೋಫಿಲ್ ಒಂದು ಮೈಕ್ರೋಲೀಟರಿಗೆ 3,000ದ ಮೇಲೆ, ಸಾಮಾನ್ಯಕ್ಕೆ 500ರ ಒಳಗೆ ಇರಬೇಕಾದ್ದು. ಇಲ್ಲೂ ರಕ್ತದಲ್ಲಿ ಮರಿ ಇಲ್ಲ, ಯಾಕೆಂದರೆ ಮರಿಗಳನ್ನೆಲ್ಲ ಶ್ವಾಸಕೋಶದಲ್ಲೇ ಈಸ್ನೋಫಿಲ್‌ಗಳು ಹಿಡಿದು ಸುಡುತ್ತಿರುತ್ತವೆ, ಜೊತೆಗೆ ಶ್ವಾಸಕೋಶವನ್ನೂ. ಭಾರತದಲ್ಲಿ ಕೆಲಸ ಮಾಡುತ್ತಿದ್ದ ವೈನ್‌ಗಾರ್ಟನ್ ಅನ್ನುವ ಡಾಕ್ಟರು 1943ರಲ್ಲಿ ಇದಕ್ಕೆ ಟ್ರಾಪಿಕಲ್ ಈಸ್ನೋಫಿಲಿಯಾ ಅಂತ ಹೆಸರಿಟ್ಟರು. ಎಲ್ಲರ ಇಸ್ನೋಫಿಲಿಯಾ ಇದೇ ಅಂತ ಅಂದುಕೊಳ್ಳಬೇಡಿ, ಹೆಚ್ಚಿನವರದು ಸಾದಾ ಅಲರ್ಜಿ. ನಿಜವಾಗಿ ಇದೇ ಆಗಿದ್ದರೆ ಆನೆಕಾಲಿನ ಡಿಇಸಿ ಮಾತ್ರೆಗೇ ಗುಣ ಆಗುತ್ತದೆ.

ಇಲ್ಲಿ ಅಲರ್ಜಿಯ ಮಾತು ಬಂತು, ಹೇಳಿಬಿಡುತ್ತೇನೆ. ಅಲರ್ಜಿಯಲ್ಲಿ ಎದ್ದು ನಿಲ್ಲುವುದೂ ಇದೇ ಐಜಿಇ, ಇದೇ ಈಸ್ನೋಫಿಲ್. ಹುಳುವಿಗೆ ಅಂತ ಇಟ್ಟ ಬೆಂಕಿ ಧೂಳಿನ ಮೇಲೆ ಹೋಗುತ್ತದೆ. ಹಾಗಾದರೆ ಹುಳು ಬ್ರೇಕ್ ಹಾಕಿದವರಿಗೆ ಅಲರ್ಜಿ ಕಡಿಮೆ ಇರಬೇಕಲ್ಲ? ಆಫ್ರಿಕಾದ ಗಬೋನ್ ದೇಶದಲ್ಲಿ ಶಾಲೆ ಮಕ್ಕಳನ್ನು ನೋಡಿ 2000ದಲ್ಲಿ ವರದಿ ಮಾಡಿದರು. ಸ್ಕಿಸ್ಟೊಸೋಮಾ ಹುಳು ಇದ್ದ ಮಕ್ಕಳ ಚರ್ಮ ಧೂಳುನುಸಿಗೆ ಕಡಿಮೆ ಕೆಂಪಾಗುತ್ತಿತ್ತು, ಅವರಲ್ಲಿ ಐಎಲ್-10 ಜಾಸ್ತಿ ಇತ್ತು. ಆಮೇಲೆ ಹುಳು ಔಷಧಿ ಕೊಟ್ಟು ನೋಡಿದರೆ ಚರ್ಮ ಕೆಂಪಾಗುವುದು ಹೆಚ್ಚಿತು. ಅರ್ಜೆಂಟೀನಾದ ಹೊರ್ಹೆ ಕೊರ್ರೇಯಾಲೆ ಮತ್ತು ಮೌರಿಸಿಯೊ ಫಾರೆಸ್ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳನ್ನು ನಾಲ್ಕೂವರೆ ವರ್ಷ ನೋಡಿದರು. ಅದು ನಮ್ಮ ಕಣಗಳೇ ನಮ್ಮ ನರಗಳನ್ನು ಕಡಿಯುವ ಕಾಯಿಲೆ. ಹೊಟ್ಟೆಯಲ್ಲಿ ಹುಳು ಇದ್ದ 12 ಜನರಲ್ಲಿ ಕಾಯಿಲೆ ಮರುಕಳಿಸಿದ್ದು ಒಟ್ಟು 3 ಸಲ, ಇಲ್ಲದ 12 ಜನರಲ್ಲಿ 56 ಸಲ. ಆಮೇಲೆ ನಾಲ್ವರಿಗೆ ತೊಂದರೆ ಆಗಿ ಹುಳು ಔಷಧಿ ಕೊಡಲೇಬೇಕಾಯಿತು, ಅವರ ಕಾಯಿಲೆ ಮತ್ತೆ ಏರಿತು. ಚೆನ್ನೈಯವರು 2010ರಲ್ಲಿ ಬರೆದದ್ದು, ಸಕ್ಕರೆ ಕಾಯಿಲೆ ಇರುವವರಲ್ಲಿ ಆನೆಕಾಲು ಹುಳುವಿನ ಸೋಂಕು ಇಲ್ಲದವರಿಗಿಂತ ಕಡಿಮೆ ಸಿಕ್ಕಿತು ಅಂತ.

ಓದಿದರೆ ಯಾರಿಗಾದರೂ ಆಸೆ ಆಗುತ್ತದೆ. ಆಸೆ ಆಗಿ ಜನ ಪ್ರಯತ್ನವನ್ನೂ ಮಾಡಿದರು. ಅಮೆರಿಕದ ಅಯೋವಾದಲ್ಲಿ ಹಂದಿಯ ಚಾಟಿಹುಳುವಿನ ಮೊಟ್ಟೆ, ಒಂದು ಸಲಕ್ಕೆ 2,500, ಕರುಳಿನ ಕ್ರೋನ್ಸ್ ಕಾಯಿಲೆಯವರಿಗೆ ಕುಡಿಸಿದರು. 2005ರಲ್ಲಿ ವರದಿಯಾದ ಆ 29 ಜನರ ಪ್ರಯೋಗದಲ್ಲಿ ಬಹಳ ಜನರಿಗೆ ವಾಸಿ ಅನ್ನಿಸಿತ್ತು. ಆದರೆ ಅವರಿಗೆಲ್ಲ ಮೊಟ್ಟೆ ಕುಡಿಯುತ್ತಿರುವುದು ಗೊತ್ತಿತ್ತು. ದೊಡ್ಡ ಮಟ್ಟದಲ್ಲಿ, ಯಾರಿಗೆ ನಿಜವಾದ ಮೊಟ್ಟೆ ಅಂತ ಗೊತ್ತಾಗದ ಹಾಗೆ ಮಾಡಿ ನೋಡಿದಾಗ 2013ರಲ್ಲಿ ಅದು ಬಿದ್ದುಹೋಯಿತು. ಇಂಟರ್ನೆಟ್ಟಿನಲ್ಲಿ ಕೊಕ್ಕೆಹುಳು ಮಾರುವವರು ಈಗಲೂ ಇದ್ದಾರೆ, ತರಿಸಿಕೊಳ್ಳುವವರೂ ಇದ್ದಾರೆ. ನನ್ನ ಮಾತು ಕೇಳುವುದಾದರೆ, ಬೇಡ. ಕೊಕ್ಕೆಹುಳು ತುಂಬಿ ಹಿಮೋಗ್ಲೋಬಿನ್ 5ಕ್ಕೆ ಇಳಿದ ಬಸುರಿ ಹೆಂಗಸರ ರಕ್ತ ನಾನು ನೋಡಿದ್ದೇನೆ. ಟ್ಯೂಬಿನಲ್ಲಿ ಅದು ರಕ್ತದ ಹಾಗೇ ಕಾಣುವುದಿಲ್ಲ, ಕೋಕಂ ಶರಬತ್ತಿನ ಹಾಗೆ ತೆಳ್ಳಗಿರುತ್ತದೆ. ಹುಳು ಬಿಡುವ ಆ ಪ್ರೋಟೀನನ್ನು ಬೇರೆ ತೆಗೆದು ಔಷಧಿ ಮಾಡುತ್ತೇವೆ ಅನ್ನುವವರ ಮೇಲೆ ನನಗೆ ನಂಬಿಕೆ ಇದೆ. ಜೀವಂತ ಹುಳುವಿನ ಮೇಲೆ ಇಲ್ಲ. ಅದು ಬ್ರೇಕ್ ಹಾಕುವುದು ತನ್ನ ಉಳಿವಿಗೆ, ನಮ್ಮ ಅಲರ್ಜಿಗಲ್ಲ.

ಆ ಬ್ರೇಕ್ ಒಂದೇ ಚಕ್ರಕ್ಕೆ ಬೀಳುವುದೂ ಇಲ್ಲ. ಹುಳು ಇರುವವರಲ್ಲಿ ಟಿಬಿಯ ವಿರುದ್ಧ ಏಳಬೇಕಾದ ಟಿ ಕಣಗಳೂ ಕುಗ್ಗುತ್ತವೆ ಅಂತ ಅದೇ ಚೆನ್ನೈಯವರು ತೋರಿಸಿದ್ದಾರೆ. ಹೊಟ್ಟೆಯಲ್ಲಿ ಹುಳು ಇದ್ದರೆ ಬಿಸಿಜಿ ಲಸಿಕೆಗೆ, ಬಾಯಿಗೆ ಹಾಕುವ ಕಾಲರಾ ಲಸಿಕೆಗೆ ಮೈ ಸರಿಯಾಗಿ ಸ್ಪಂದಿಸುವುದಿಲ್ಲ ಅಂತ ಇಥಿಯೋಪಿಯಾ, ಈಕ್ವೆಡಾರ್ ಕಡೆ ಕಂಡಿದ್ದಾರೆ. ಫೆಬ್ರವರಿ 10, ಆಗಸ್ಟ್ 10 ಬಂದರೆ ಅಂಗನವಾಡಿಯಲ್ಲಿ ಮಕ್ಕಳಿಗೆ ಹೊಟ್ಟೆಹುಳುವಿನ ಮಾತ್ರೆ ಅಲ್ಬೆಂಡಜೋಲ್ ಚೀಪಿಸುತ್ತಾರಲ್ಲ, ಅದನ್ನು ಬರೀ ರಕ್ತಹೀನತೆಯ ಮಾತ್ರೆ ಅಂತ ನೋಡುವುದನ್ನು ನಾನು ಬಿಟ್ಟಿದ್ದೇನೆ.

ಈಗ ಹುಡುಗನ ವಿಷಯಕ್ಕೆ ಬರುತ್ತೇನೆ.

ಪಾಸಿಟಿವ್ ಬಂದ ಕೂಡಲೇ ಡಾಕ್ಟರು ಡಿಇಸಿ ಬರೆದರು, ತೂಕ ನೋಡಿ, 12 ದಿನಕ್ಕೆ. ಊಟ ಆದ ಮೇಲೆ ತಗೋ, ಜ್ವರ ಬರಬಹುದು, ಹೆದರಬೇಡ ಅಂತ ಹೇಳಿ ಕಳಿಸಿದ್ದೆವು. ಮಾರನೇ ದಿನ ಬೆಳಗ್ಗೆ ಆರಕ್ಕೆ ಫೋನು. "ಅಕ್ಕಾರ, ಗುಳಿಗಿ ನುಂಗಿದ ಮ್ಯಾಲ ರಾತ್ರಿಯೆಲ್ಲಾ ಜ್ವರ ಬಂದಾವ್ರಿ. ಮೈ ಕೈ ಎಲ್ಲಾ ಹರದಂಗ ಆಗ್ಯಾವ. ನಾ ಆರಾಮ ಇದ್ದೆ, ನೀವ ಬ್ಯಾನಿ ಹಚ್ಚಿದಂಗ ಆತು." ಸಿಟ್ಟಲ್ಲಿ ಹೇಳಿದ್ದಲ್ಲ. ಹೆದರಿಕೆಯಲ್ಲಿ.

ಅವನ ಮಾತು ತಪ್ಪೂ ಅಲ್ಲ. ಸಾಮೂಹಿಕ ಮಾತ್ರೆ ಕೊಡುವಾಗ ಮನೆ ಮನೆಯಲ್ಲಿ ಕೇಳುವ ಮಾತೇ ಇದು. ಚೆನ್ನಾಗಿದ್ದವರಿಗೆ ಮಾತ್ರೆ ಕೊಟ್ಟು ಜ್ವರ ಬರಿಸ್ತೀರಿ ಅಂತ. ಅವತ್ತು ಮಧ್ಯಾಹ್ನ ಊಟದ ಬಿಡುವಲ್ಲಿ ಪ್ಯಾರಾಸಿಟಮಾಲ್ ಹಿಡಿದುಕೊಂಡು ಶೆಡ್ಡಿಗೇ ಹೋದೆ. ಚಾಪೆ ಮೇಲೆ ಮಲಗಿದ್ದ, ಹಣೆ ಸುಡುತ್ತಿತ್ತು. ಜೊತೆಯವರು ಸುತ್ತ ನಿಂತು ನನ್ನನ್ನೇ ನೋಡುತ್ತಿದ್ದರು. ಅವರಿಗೆ ನಾನು ಹೇಳಿದ್ದು ಇಷ್ಟು. ಈ ಮಾತ್ರೆ ಒಂದು ವಿಚಿತ್ರ ಮಾತ್ರೆ. ಗಾಜಿನ ತಟ್ಟೆಯಲ್ಲಿ ಮರಿಹುಳು ಇಟ್ಟು ಮೈಗೆ ಕೊಡುವಷ್ಟೇ ಪ್ರಮಾಣದಲ್ಲಿ ಇದನ್ನು ಹಾಕಿದರೆ ಅವು ಹಾಗೇ ಓಡಾಡಿಕೊಂಡಿರುತ್ತವೆ. ಮೈಯೊಳಗೆ ಹೋದರೆ ಮಾತ್ರ ಸಾಯುತ್ತವೆ. ಕೊಲ್ಲುವುದು ಮಾತ್ರೆ ಒಂದೇ ಅಲ್ಲ, ನಿನ್ನ ರಕ್ತದ ಕಣಗಳೂ ಸೇರಿ. ಇಷ್ಟು ವರ್ಷ ಸುಮ್ಮನಿದ್ದವು ಈಗ ಎದ್ದಿವೆ. ಲಕ್ಷಗಟ್ಟಲೆ ಮರಿ ಒಂದೇ ರಾತ್ರಿ ಸತ್ತರೆ ಅದರ ಹೊಗೆ ಏಳದೆ ಇರುತ್ತದಾ? ಹುಳು ಜಾಸ್ತಿ ಇದ್ದಷ್ಟೂ ಜ್ವರ ಜಾಸ್ತಿ. ಹುಳುವಿನ ಮೈಯೊಳಗೂ ಒಂದು ಬ್ಯಾಕ್ಟೀರಿಯಾ ಬಾಳುತ್ತದೆ, ವೊಲ್ಬಾಕಿಯಾ ಅಂತ. ಹುಳು ಸತ್ತಾಗ ಅದೂ ರಕ್ತಕ್ಕೆ ಚೆಲ್ಲುತ್ತದೆ, ಅದಕ್ಕೂ ಮೈ ಕಾಯುತ್ತದೆ. ಮಾತ್ರೆ ನುಂಗಿ ಏನೂ ಆಗದವರಿಗೆ ಹೆಚ್ಚಾಗಿ ಹುಳು ಇರಲಿಲ್ಲ ಅಥವಾ ಕಡಿಮೆ ಇತ್ತು ಅಂತ ಅರ್ಥ.

"ಅಂದ್ರ ಈ ಜ್ವರ ಚೊಲೋದನ್ರಿ?" ಅಂತ ಮಲಗಿದ್ದಲ್ಲಿಂದಲೇ ಕೇಳಿದ.

ಎರಡು ಮೂರು ದಿನದಲ್ಲಿ ಇಳಿದರೆ ಚೊಲೋದು, ಇಳಿಯದಿದ್ದರೆ ಡಾಕ್ಟರ ಹತ್ತಿರ ಬರಬೇಕು ಅಂದೆ. ಮೂರನೇ ದಿನಕ್ಕೆ ಕೆಲಸಕ್ಕೆ ಹೋದನಂತೆ. 12 ದಿನವೂ ಮಾತ್ರೆ ತಗೊಂಡ. ಖಾಲಿ ಪಟ್ಟಿ ತಂದು ತೋರಿಸಿದ, ನಾನು ಕೇಳಿರಲಿಲ್ಲ.

1877ರಲ್ಲಿ ಚೀನಾದ ಅಮೋಯ್‌ನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅನ್ನುವ ಡಾಕ್ಟರು ರಕ್ತದಲ್ಲಿ ಮರಿ ಇದ್ದ ತನ್ನ ಮನೆಯ ಆಳನ್ನು ಸೊಳ್ಳೆ ಬಿಟ್ಟ ಕೋಣೆಯಲ್ಲಿ ಮಲಗಿಸಿ, ಬೆಳಗ್ಗೆ ಸೊಳ್ಳೆಗಳ ಹೊಟ್ಟೆ ಬಿಡಿಸಿ ಈ ಮರಿಗಳನ್ನು ಕಂಡುಹಿಡಿದರು. ಆ ಆಳಿಗೂ ಆ ರಾತ್ರಿ ಏನೂ ಅನ್ನಿಸಿರಲಿಕ್ಕಿಲ್ಲ, ಸೊಳ್ಳೆ ಕಚ್ಚಿದ್ದು ಬಿಟ್ಟರೆ. ಶೆಡ್ಡಿನ ಹಿಂದೆ ನಿಂತ ನೀರು ನೋಡಿದಾಗೆಲ್ಲ ನನಗೆ ಆ ಆಳಿನ ನೆನಪಾಗುತ್ತಿತ್ತು. ಪಂಚಾಯಿತಿಗೆ ಹೇಳಿ ಆ ನೀರು ಹರಿಸಲಿಕ್ಕೆ ಒಂದು ತಿಂಗಳು ಹಿಡಿಯಿತು.

ಎರಡು ತಿಂಗಳ ಮೇಲೆ ಮತ್ತೆ ರಕ್ತ ನೋಡಬೇಕಿತ್ತು. ನಾವೇ ಹೋಗುವವರಿದ್ದೆವು. ನಾವು ಹೇಳಿದ ಹೊತ್ತಿಗೆ, ರಾತ್ರಿ ಒಂಬತ್ತೂವರೆಗೆ, ಅವನೇ ಆಸ್ಪತ್ರೆ ಹತ್ತಿರ ಬಂದ. ಒಬ್ಬನೇ ಅಲ್ಲ. ಆ ದಿನ ಆಚೆ ಹೋಗಿ ಕೂತಿದ್ದ ಇಬ್ಬರನ್ನೂ ಕರಕೊಂಡು ಬಂದಿದ್ದ. ಅವರು ಬಾಗಿಲ ಹತ್ತಿರ ನಿಂತು ಕೈ ಹಿಂದೆ ಕಟ್ಟಿಕೊಂಡಿದ್ದರು. ಇವನು ಒಬ್ಬನ ಕೈ ಹಿಡಿದು ಎಳೆದು ನನ್ನ ಮುಂದೆ ಚಾಚಿದ.

"ಇವರದೂ ತಗೋರಿ ಅಕ್ಕಾರ. ಇವರೂ ಆರಾಮ ಅದೀವಿ ಅಂತಾರ."